ಕಂಪೈಲರ್ ನಮ್ಮ ಮಾತು ಯಾಕೆ ನಂಬುವುದಿಲ್ಲ?

ಈ ಸಲದ ಪತ್ರಗಳಲ್ಲಿ ಕಂಪೈಲರ್ ಮೇಲಿನ ದೂರುಗಳೇ ಜಾಸ್ತಿ. ಒಬ್ಬರಿಗೆ ಅದು ಸುಮ್ನೆ ಎರರ್ ಕೊಡುತ್ತದಂತೆ, ಇನ್ನೊಬ್ಬರು ಬರೆದ ಸಾಲನ್ನೇ ನುಂಗಿಬಿಟ್ಟಿದೆಯಂತೆ. ಓದುತ್ತಾ ಹೋದರೆ ಎಲ್ಲದರ ಹಿಂದೆ ಇರುವುದು ಡೇಟಾಫ್ಲೋ ಅನಾಲಿಸಿಸ್ ಎಂಬ ಒಂದೇ ಕೆಲಸ, ಅಂದರೆ ವೇರಿಯಬಲ್‌ಗಳ ಬೆಲೆ ಎಲ್ಲಿ ಹುಟ್ಟಿ ಎಲ್ಲಿಗೆ ಹರಿಯುತ್ತದೆ ಎಂದು ಪ್ರೋಗ್ರಾಮನ್ನು ಓಡಿಸದೆಯೇ ಲೆಕ್ಕ ಹಾಕುವುದು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ. ಉದಾಹರಣೆಗಳಲ್ಲಿ ವೇರಿಯಬಲ್ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೇನೆ, ನಿಮಗೆ ಬರುವ ಭಾಷೆಗೆ ಹೊಂದಿಸಿಕೊಳ್ಳಿ.

ಪ್ರಶ್ನೆ: ಜಾವಾದಲ್ಲಿ ‘ಅಳತೆ’ ಎಂಬ ವೇರಿಯಬಲ್ ಇಟ್ಟುಕೊಂಡೆ. ‘ದೊಡ್ಡದು’ ನಿಜವಾದರೆ ಅಳತೆ = 10 ಎಂದು ಒಂದು ಇಫ್ ಬರೆದೆ. ಅದರ ಕೆಳಗೆ, ‘ದೊಡ್ಡದು’ ಸುಳ್ಳಾದರೆ ಅಳತೆ = 5 ಎಂದು ಇನ್ನೊಂದು ಇಫ್. ಆಮೇಲೆ ಅಳತೆಯನ್ನು ಮುದ್ರಿಸಿದೆ. ಎರಡರಲ್ಲಿ ಒಂದಂತೂ ನಡೆದೇ ನಡೆಯುತ್ತದೆ. ಆದರೂ ಅಳತೆಗೆ ಬೆಲೆ ಸಿಕ್ಕಿರಲಿಕ್ಕಿಲ್ಲ ಅಂತ ಎರರ್ ಬರುತ್ತದೆ. ಇದು ಕಂಪೈಲರ್‌ನ ಬಗ್ ಅಲ್ವಾ ಸರ್?

ಉತ್ತರ: ಬಗ್ ಅಲ್ಲ. ನಿಮ್ಮ ತರ್ಕವೂ ಸರಿಯಾಗಿಯೇ ಇದೆ. ನೀವು ನೋಡುವುದು ಬೆಲೆಗಳನ್ನು, ಕಂಪೈಲರ್ ನೋಡುವುದು ದಾರಿಗಳನ್ನು. ತೊಂದರೆ ಅಲ್ಲಿದೆ.

ಕಂಪೈಲರ್ ನಿಮ್ಮ ಪ್ರೋಗ್ರಾಮನ್ನು ಓಡಿಸಿ ನೋಡುವುದಿಲ್ಲ. ಕೋಡನ್ನು ತುಂಡು ಮಾಡಿ ಒಂದು ಗ್ರಾಫ್ ಮಾಡಿಕೊಳ್ಳುತ್ತದೆ. ನಡುವೆ ಎಲ್ಲೂ ಕವಲೊಡೆಯದೆ, ಮೇಲಿಂದ ಕೆಳಕ್ಕೆ ನೇರವಾಗಿ ಓಡುವ ಸಾಲುಗಳ ಗುಂಪು ಒಂದು ಬ್ಲಾಕ್. ಒಂದು ಬ್ಲಾಕ್ ಮುಗಿದ ಮೇಲೆ ಎಲ್ಲೆಲ್ಲಿಗೆ ಹೋಗಬಹುದೋ ಅಲ್ಲಿಗೆಲ್ಲ ಒಂದೊಂದು ಬಾಣ. ನಿಮ್ಮ ಮೊದಲ ಇಫ್‌ನಿಂದ ಎರಡು ಬಾಣ, ಎರಡನೆಯದರಿಂದ ಎರಡು ಬಾಣ. ಒಟ್ಟು ನಾಲ್ಕು ದಾರಿ. ಅದರಲ್ಲಿ ಎರಡು ದಾರಿಗಳಲ್ಲಿ ಯಾರೂ ಯಾವತ್ತೂ ನಡೆಯಲಾರರು, ಯಾಕೆಂದರೆ ‘ದೊಡ್ಡದು’ ಒಂದೇ ಹೊತ್ತಿಗೆ ನಿಜವೂ ಸುಳ್ಳೂ ಆಗುವುದಿಲ್ಲ. ಆದರೆ ಗ್ರಾಫ್‌ನಲ್ಲಿ ಆ ವಿಷಯ ಎಲ್ಲೂ ಬರೆದಿಲ್ಲ. ಎರಡೂ ಇಫ್‌ಗಳನ್ನು ತಪ್ಪಿಸಿಕೊಂಡು ಮುದ್ರಣದ ಸಾಲಿಗೆ ಬರುವ ಒಂದು ದಾರಿ ಅದರ ಕಣ್ಣಿಗೆ ಬೀಳುತ್ತದೆ. ಅಷ್ಟು ಸಾಕು, ಎರರ್.

ಇನ್ನೂ ಸ್ವಲ್ಪ ಬುದ್ಧಿವಂತಿಕೆಯಿಂದ ಬರೆಯಬಹುದಿತ್ತಲ್ಲ ಅಂತ ನೀವು ಕೇಳಬಹುದು. ಒಂದಷ್ಟು ದೂರ ಹೋಗಬಹುದು, ಪೂರ್ತಿ ಆಗುವುದಿಲ್ಲ. ಒಂದು ಪ್ರೋಗ್ರಾಮ್ ನಿಲ್ಲುತ್ತದೋ ಇಲ್ಲವೋ ಎಂದು ಎಲ್ಲ ಪ್ರೋಗ್ರಾಮ್‌ಗಳಿಗೂ ಹೇಳಬಲ್ಲ ವಿಧಾನವೇ ಇಲ್ಲ ಎಂದು 1936ರಲ್ಲೇ ಅಲನ್ ಟ್ಯೂರಿಂಗ್ ತೋರಿಸಿದ್ದರು. 1953ರಲ್ಲಿ ಹೆನ್ರಿ ರೈಸ್ ಇನ್ನೂ ಮುಂದೆ ಹೋದರು: ಪ್ರೋಗ್ರಾಮ್ ಓಡುವಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಬಗ್ಗೆ ಸ್ವಲ್ಪ ಅರ್ಥವಿರುವ ಯಾವ ಪ್ರಶ್ನೆ ಕೇಳಿದರೂ ಇದೇ ಗತಿ. ಹಾಗಾಗಿ ಕಂಪೈಲರ್ ಯಾವುದಾದರೂ ಒಂದು ಕಡೆಗೆ ತಪ್ಪಲೇಬೇಕು. ಯಾವ ಕಡೆಗೆ ತಪ್ಪಿದರೆ ಅಪಾಯವಿಲ್ಲ ಎಂದು ನೋಡಿ, ಬೇಕೆಂದೇ ಆ ಕಡೆಗೆ ತಪ್ಪುತ್ತದೆ. ಇಲ್ಲಿ ಒಳ್ಳೆಯ ಪ್ರೋಗ್ರಾಮನ್ನು ತಿರಸ್ಕರಿಸಿದರೆ ನಿಮಗೆ ಸ್ವಲ್ಪ ಸಿಟ್ಟು ಬರುತ್ತದೆ, ಅಷ್ಟೆ. ಕೆಟ್ಟದ್ದನ್ನು ಬಿಟ್ಟರೆ ಕಸದ ಬೆಲೆ ಮುದ್ರಣವಾಗುತ್ತದೆ.

ಜಾವಾದಲ್ಲಿ ಇದು ಕಂಪೈಲರ್ ಬರೆದವರ ಇಷ್ಟಕ್ಕೆ ಬಿಟ್ಟ ವಿಷಯವೂ ಅಲ್ಲ. ಭಾಷೆಯ ಸ್ಪೆಸಿಫಿಕೇಶನ್‌ನ 16ನೇ ಅಧ್ಯಾಯ ಪೂರ್ತಿ ಈ ಲೆಕ್ಕಕ್ಕೇ ಮೀಸಲು. ಒಂದು ಕಂಪೈಲರ್ ಒಪ್ಪಿದ ಪ್ರೋಗ್ರಾಮನ್ನು ಇನ್ನೊಂದು ಒಪ್ಪದಿದ್ದರೆ ಕಷ್ಟ, ಅದಕ್ಕೇ ನಿಯಮ ಬರೆದಿಟ್ಟಿದ್ದಾರೆ. ನಿಮ್ಮ ಪರಿಹಾರ ಸುಲಭ: ಎರಡನೇ ಇಫ್ ಬದಲು ಎಲ್ಸ್ ಹಾಕಿ. ಆಗ ಇರುವುದು ಎರಡೇ ದಾರಿ, ಎರಡರಲ್ಲೂ ಅಳತೆಗೆ ಬೆಲೆ ಸಿಗುತ್ತದೆ. ಸುಮ್ನೆ ಮೊದಲಿಗೇ ಅಳತೆ = 0 ಎಂದು ಬರೆದು ಎರರ್ ಬಾಯಿ ಮುಚ್ಚಿಸಬೇಡಿ. ನಾಳೆ ಯಾರಾದರೂ ಮೂರನೇ ಕವಲು ಸೇರಿಸಿ ಬೆಲೆ ಕೊಡುವುದನ್ನು ಮರೆತರೆ, ಹೇಳಬೇಕಾದ ಕಂಪೈಲರ್ ಆಗ ಸುಮ್ಮನಿರುತ್ತದೆ.

ಪ್ರಶ್ನೆ: ಲೈವ್ ವೇರಿಯಬಲ್, ಜೆನ್, ಕಿಲ್, ಇನ್, ಔಟ್ ಅಂತ ಸಮೀಕರಣಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ. ತಲೆಗೆ ಹೋಗಿಲ್ಲ. ಲೂಪ್ ಬಂದರಂತೂ ಪೂರ್ತಿ ಗೊಂದಲ. ಒಂದು ಸಲ ಕೈಯಲ್ಲೇ ಮಾಡಿ ತೋರಿಸುತ್ತೀರಾ?

ಉತ್ತರ: ಖಂಡಿತ. ಈ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿ ಬರುತ್ತದೆ. ಒಂದು ಕಾಗದ ತೆಗೆದುಕೊಳ್ಳಿ.

ಸಾಲು 1: ಎಣಿಕೆ = 0
ಸಾಲು 2: ಮೊತ್ತ = 0
ಸಾಲು 3: ಎಣಿಕೆ < ಮಿತಿ ಆಗಿರದಿದ್ದರೆ ಸಾಲು 7ಕ್ಕೆ ಹೋಗು
ಸಾಲು 4: ಮೊತ್ತ = ಮೊತ್ತ + ಎಣಿಕೆ
ಸಾಲು 5: ಎಣಿಕೆ = ಎಣಿಕೆ + 1
ಸಾಲು 6: ಸಾಲು 3ಕ್ಕೆ ಹೋಗು
ಸಾಲು 7: ಮೊತ್ತ ಮುದ್ರಿಸು

ನಾವು ಕೇಳುತ್ತಿರುವ ಪ್ರಶ್ನೆ ಇಷ್ಟೇ: ಪ್ರತಿ ಸಾಲಿನ ಹೊಸ್ತಿಲಲ್ಲಿ ನಿಂತಾಗ, ಯಾವ ವೇರಿಯಬಲ್‌ನ ಈಗಿನ ಬೆಲೆ ಮುಂದೆಲ್ಲೋ ಬೇಕಾಗಬಹುದು? ಬೇಕಾಗುವಂಥದ್ದು ಲೈವ್. ಬೇಡದ್ದು ಡೆಡ್. ಮುಂದೆ ಏನು ಬೇಕು ಎಂಬುದು ಪ್ರಶ್ನೆಯಾದ್ದರಿಂದ ಸುದ್ದಿ ಕೆಳಗಿನಿಂದ ಮೇಲಕ್ಕೆ ಹರಿಯುತ್ತದೆ. ಪ್ರತಿ ಸಾಲಿಗೂ ನಿಯಮ ಒಂದೇ. ಕೆಳಗಿನಿಂದ ಬಂದ ಪಟ್ಟಿಯಿಂದ, ಈ ಸಾಲು ಯಾವುದಕ್ಕೆ ಹೊಸ ಬೆಲೆ ಬರೆಯುತ್ತದೋ ಅದನ್ನು ತೆಗೆಯಿರಿ. ಆಮೇಲೆ ಈ ಸಾಲು ಯಾವುದನ್ನು ಓದುತ್ತದೋ ಅದನ್ನು ಸೇರಿಸಿ. ತೆಗೆಯುವುದು ಕಿಲ್, ಸೇರಿಸುವುದು ಜೆನ್. ಕೆಳಗಿನಿಂದ ಬಂದ ಪಟ್ಟಿ ಔಟ್, ಲೆಕ್ಕ ಮುಗಿದು ಸಾಲಿನ ಮುಂಚೆ ಸಿಗುವ ಪಟ್ಟಿ ಇನ್. ಈ ಕ್ರಮ ತಪ್ಪಿಸಬೇಡಿ, ಸಾಲು 5ರಲ್ಲಿ ಎಣಿಕೆಯನ್ನು ಓದುವುದೂ ಇದೆ, ಬರೆಯುವುದೂ ಇದೆ. ಮೊದಲು ಸೇರಿಸಿ ಆಮೇಲೆ ತೆಗೆದರೆ ಲೆಕ್ಕ ಹಾಳು.

ಈಗ ಶುರು. ಎಲ್ಲ ಪಟ್ಟಿಗಳೂ ಖಾಲಿ ಎಂದುಕೊಳ್ಳಿ. ಸಾಲು 7ರ ಮುಂಚೆ: ಮೊತ್ತ. ಸಾಲು 6ರ ಮುಂದಿನದು ಸಾಲು 3, ಅದರ ಪಟ್ಟಿ ಇನ್ನೂ ಖಾಲಿ, ಹಾಗಾಗಿ 6ರದ್ದೂ ಖಾಲಿ. ಸಾಲು 5ರ ಮುಂಚೆ: ಎಣಿಕೆ. ಸಾಲು 4ರ ಮುಂಚೆ: ಮೊತ್ತ, ಎಣಿಕೆ. ಸಾಲು 3ರಿಂದ ಎರಡು ಕಡೆ ಹೋಗಬಹುದು, 4ಕ್ಕೆ ಅಥವಾ 7ಕ್ಕೆ. ಎರಡೂ ಕಡೆಯ ಪಟ್ಟಿಗಳನ್ನು ಕೂಡಿಸಿ, ಅದು ತಾನೇ ಓದುವ ಎಣಿಕೆ ಮತ್ತು ಮಿತಿಯನ್ನು ಸೇರಿಸಿದರೆ: ಮೊತ್ತ, ಎಣಿಕೆ, ಮಿತಿ. ಸಾಲು 2ರ ಮುಂಚೆ ಮೊತ್ತ ಹೋಗಿ ಎಣಿಕೆ, ಮಿತಿ ಉಳಿಯುತ್ತವೆ. ಸಾಲು 1ರ ಮುಂಚೆ ಮಿತಿ ಮಾತ್ರ.

ಇಲ್ಲಿಗೆ ನಿಲ್ಲಿಸಿದರೆ ಏನಾಗುತ್ತದೆ ನೋಡಿ. ಸಾಲು 4, 5, 6ರ ಪಟ್ಟಿಗಳಲ್ಲಿ ಮಿತಿ ಇಲ್ಲ. ಲೂಪ್ ಒಳಗೆ ಮಿತಿ ಯಾರಿಗೂ ಬೇಡ ಎಂದುಕೊಂಡು ಕಂಪೈಲರ್ ಅದರ ರಿಜಿಸ್ಟರನ್ನು (ಪ್ರೊಸೆಸರ್ ಒಳಗೆ ಬೆಲೆ ಇಡುವ ಪುಟ್ಟ ಜಾಗ) ಬೇರೆ ಯಾವುದಕ್ಕೋ ಕೊಟ್ಟುಬಿಡಬಹುದು. ಆದರೆ ಸಾಲು 6ರಿಂದ ವಾಪಸ್ 3ಕ್ಕೆ ಹೋದ ಕೂಡಲೇ ಮಿತಿ ಬೇಕು! ಪ್ರೋಗ್ರಾಮ್ ಕೆಟ್ಟಿತು.

ಅದಕ್ಕೇ ಎರಡನೇ ಸುತ್ತು. ಈಗ ಸಾಲು 3ರ ಪಟ್ಟಿ ಖಾಲಿಯಿಲ್ಲ. ಹಾಗಾಗಿ ಸಾಲು 6ಕ್ಕೆ ಮೂರೂ ಬರುತ್ತವೆ, 5ಕ್ಕೆ ಮೂರೂ, 4ಕ್ಕೆ ಮೂರೂ. 3ರಲ್ಲಿ ಮೊದಲೇ ಮೂರಿದ್ದವು. 2 ಮತ್ತು 1 ಹಾಗೇ ಇವೆ. ಮೂರನೇ ಸುತ್ತು ಹಾಕಿ ನೋಡಿ, ಏನೂ ಬದಲಾಗುವುದಿಲ್ಲ. ಏನೂ ಬದಲಾಗದ ಸುತ್ತು ಬಂತೆಂದರೆ ಕೆಲಸ ಮುಗಿದಂತೆ. ಲೂಪ್‌ನ ಗೊಂದಲ ಅನ್ನುವುದು ಇಷ್ಟೇ: ಸುದ್ದಿ ಹಿಂದಿನ ಬಾಣದ ಮೇಲೂ ಹರಿಯಬೇಕು, ಅದು ಹರಿದು ಮುಗಿಯುವವರೆಗೆ ನಾವು ತಿರುಗುತ್ತಿರಬೇಕು.

ಈ ಪುಟ್ಟ ಪಟ್ಟಿಯಿಂದ ಎಷ್ಟು ಲಾಭ ಅಂತ ನೋಡಿ. ಲೂಪ್ ಒಳಗೆ ಮೂರು ವೇರಿಯಬಲ್ ಒಟ್ಟಿಗೆ ಲೈವ್, ಅಂದರೆ ಮೂರು ರಿಜಿಸ್ಟರ್ ಬೇಕು. ಒಂದೇ ಹೊತ್ತಿಗೆ ಲೈವ್ ಆಗಿರುವ ಎರಡು ವೇರಿಯಬಲ್‌ಗಳಿಗೆ ಒಂದೇ ರಿಜಿಸ್ಟರ್ ಕೊಡಬಾರದು ಎಂಬುದನ್ನು ಗ್ರಾಫ್‌ಗೆ ಬಣ್ಣ ಹಚ್ಚುವ ಲೆಕ್ಕವಾಗಿ ಮಾಡಿ, 1980ರ ಆಸುಪಾಸಿನಲ್ಲಿ ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು ನಿಜವಾದ ಕಂಪೈಲರ್‌ನಲ್ಲಿ ಓಡಿಸಿ ತೋರಿಸಿದರು. ಇನ್ನೊಂದು ಲಾಭ: ಸಾಲು 1ಕ್ಕೂ ಮುಂಚೆ ಮಿತಿ ಲೈವ್ ಆಗಿದೆ. ಅದು ಫಂಕ್ಷನ್‌ಗೆ ಹೊರಗಿನಿಂದ ಬಂದ ಪ್ಯಾರಾಮೀಟರ್ ಆಗಿದ್ದರೆ ಸರಿ. ಒಳಗೇ ಹುಟ್ಟಿದ ವೇರಿಯಬಲ್ ಆಗಿದ್ದರೆ ಅದಕ್ಕೆ ಬೆಲೆ ಕೊಡದೆ ಓದುತ್ತಿದ್ದೀರಿ ಎಂದರ್ಥ. ಮೊದಲ ಪ್ರಶ್ನೆಯವರಿಗೆ ಬಂದ ದೂರಿನ ಹತ್ತಿರದ ನೆಂಟ ಇದು.

ಪಠ್ಯದ ಉಳಿದ ಅನಾಲಿಸಿಸ್‌ಗಳಲ್ಲೂ ಯಂತ್ರ ಇದೇ, ಎರಡು ಗುಂಡಿ ಮಾತ್ರ ಬೇರೆ. ಒಂದು, ಸುದ್ದಿ ಹರಿಯುವ ದಿಕ್ಕು. ಇನ್ನೊಂದು, ದಾರಿಗಳು ಸೇರುವ ಕಡೆ ಪಟ್ಟಿಗಳನ್ನು ಕೂಡಿಸುವುದೋ, ಎರಡರಲ್ಲೂ ಇರುವುದನ್ನಷ್ಟೇ ಉಳಿಸುವುದೋ. ‘ಯಾವುದಾದರೂ ಒಂದು ದಾರಿಯಲ್ಲಿ ಆಗಬಹುದೇ’ ಎಂದು ಕೇಳಿದರೆ ಕೂಡಿಸಿ. ‘ಎಲ್ಲ ದಾರಿಯಲ್ಲೂ ಆಗಿಯೇ ಇರುತ್ತದೆಯೇ’ ಎಂದು ಕೇಳಿದರೆ ಸಮಾನವಾದದ್ದನ್ನು ಮಾತ್ರ ಇಟ್ಟುಕೊಳ್ಳಿ. ಮುಂಚೆ ಮಾಡಿದ ಗುಣಾಕಾರವನ್ನು ಮತ್ತೆ ಮಾಡದೆ ಅದರ ಫಲವನ್ನೇ ಬಳಸಬಹುದೇ ಎಂಬ ಲೆಕ್ಕ ಎರಡನೇ ಜಾತಿಯದು, ಮೇಲಿಂದ ಕೆಳಕ್ಕೆ ಹರಿಯುತ್ತದೆ. ಪರೀಕ್ಷೆಯಲ್ಲಿ ಬಹಳ ಜನ ಎಡವುವುದು ಇಲ್ಲೇ: ಎರಡನೇ ಜಾತಿಯಲ್ಲಿ, ಪ್ರವೇಶದ ಬ್ಲಾಕ್ ಬಿಟ್ಟು ಉಳಿದ ಪಟ್ಟಿಗಳನ್ನು ಖಾಲಿಯಿಂದ ಶುರು ಮಾಡಬಾರದು. ಎಲ್ಲವೂ ನಿಜ ಎಂದು ಶುರು ಮಾಡಿ, ಸುಳ್ಳಾದದ್ದನ್ನು ಕಳೆಯುತ್ತಾ ಬರಬೇಕು. ಖಾಲಿಯಿಂದ ಶುರು ಮಾಡಿದರೆ ತಪ್ಪು ಉತ್ತರ ಬರುವುದಿಲ್ಲ, ಆದರೆ ಲೂಪ್‌ಗಳಲ್ಲಿ ಸಿಗಬೇಕಾದ ಲಾಭ ಕೈತಪ್ಪುತ್ತದೆ.

ಪ್ರಶ್ನೆ: ಹೀಗೆ ಸುತ್ತುತ್ತಾ ಹೋದರೆ ಅದು ನಿಂತೇ ನಿಲ್ಲುತ್ತದೆ ಎಂದು ಏನು ಗ್ಯಾರಂಟಿ? ಮತ್ತು ಈ ಐಡಿಯಾ ಯಾರದ್ದು?

ಉತ್ತರ: ಲೈವ್ ಲೆಕ್ಕದಲ್ಲಿ ಪಟ್ಟಿಗಳು ಬೆಳೆಯುತ್ತವೆ, ಕುಗ್ಗುವುದಿಲ್ಲ. ಪ್ರೋಗ್ರಾಮ್‌ನಲ್ಲಿರುವ ವೇರಿಯಬಲ್‌ಗಳಿಗೆ ಸಂಖ್ಯೆಯಲ್ಲಿ ಒಂದು ಮೇಲ್ಮಿತಿ ಇದೆ. ಒಂದೇ ಕಡೆಗೆ ಹೋಗುವ, ಮೇಲ್ಮಿತಿ ಇರುವ ಯಾವುದೇ ಆದರೂ ಎಲ್ಲಾದರೂ ನಿಲ್ಲಲೇಬೇಕು ಅಲ್ವಾ? ಗ್ಯಾರಂಟಿ ಅಷ್ಟೇ. ಕೆಲಸವೂ ಬೇಗ ಆಗುತ್ತದೆ. ಒಂದು ವೇರಿಯಬಲ್‌ಗೆ ಒಂದು ಬಿಟ್ ಇಟ್ಟರೆ 64 ವೇರಿಯಬಲ್‌ಗಳ ಪಟ್ಟಿಯನ್ನು 64 ಬಿಟ್‌ನ ಯಂತ್ರ ಒಂದೇ ಏಟಿಗೆ ಕೂಡಿಸುತ್ತದೆ. ಬ್ಲಾಕ್‌ಗಳನ್ನು ಸರಿಯಾದ ಕ್ರಮದಲ್ಲಿ ಮುಟ್ಟುತ್ತಾ ಹೋದರೆ ಸಾಮಾನ್ಯ ಕೋಡ್‌ಗೆ ಕೆಲವೇ ಸುತ್ತು ಸಾಕು.

ಮೇಲ್ಮಿತಿಯೇ ಇಲ್ಲದ ಲೆಕ್ಕಗಳೂ ಇವೆ. ‘ಎಣಿಕೆಯ ಬೆಲೆ ಎಷ್ಟರಿಂದ ಎಷ್ಟರವರೆಗೆ’ ಎಂದು ಕೇಳಿದರೆ 0ರಿಂದ 1, 0ರಿಂದ 2, 0ರಿಂದ 3 ಅಂತ ಬೆಳೆಯುತ್ತಲೇ ಹೋಗುತ್ತದೆ. 1977ರಲ್ಲಿ ಪ್ಯಾಟ್ರಿಕ್ ಕೂಸೋ ಮತ್ತು ರಾಧಿಯಾ ಕೂಸೋ ಇದಕ್ಕೊಂದು ಉಪಾಯ ಕೊಟ್ಟರು: ಬೆಳೆಯುತ್ತಲೇ ಇದ್ದರೆ ಕಾಯುವುದು ಬೇಡ, ನೇರವಾಗಿ ‘0ರಿಂದ ಎಷ್ಟಾದರೂ’ ಎಂದು ಹಾರಿಬಿಡಿ. ನಿಖರತೆ ಹೋಗುತ್ತದೆ, ಆದರೆ ನಿಲ್ಲುತ್ತದೆ, ಸುಳ್ಳೂ ಆಗುವುದಿಲ್ಲ.

ಯಾರದ್ದು ಎಂದರೆ ಒಬ್ಬರ ಹೆಸರು ಹೇಳಿದರೆ ಅನ್ಯಾಯ. ಐಬಿಎಂನಲ್ಲಿ ಫ್ರಾನ್ಸಿಸ್ ಆ್ಯಲನ್ ಮತ್ತು ಜಾನ್ ಕಾಕ್ ಪ್ರೋಗ್ರಾಮನ್ನು ಗ್ರಾಫ್ ಆಗಿ ನೋಡುವ ದಾರಿ ಹಾಕಿದರು. ಆ್ಯಲನ್ ಅವರಿಗೆ 2006ರ ಟ್ಯೂರಿಂಗ್ ಪ್ರಶಸ್ತಿ ಬಂತು, ಅದನ್ನು ಪಡೆದ ಮೊದಲ ಮಹಿಳೆ ಅವರೇ. ಎಲ್ಲ ಲೆಕ್ಕಗಳನ್ನೂ ಒಂದೇ ಚೌಕಟ್ಟಿಗೆ ತಂದು, ಸುತ್ತುವ ವಿಧಾನವನ್ನು 1973ರಲ್ಲಿ ಬರೆದವರು ಗ್ಯಾರಿ ಕಿಲ್ಡಾಲ್. ಹೆಸರು ಎಲ್ಲೋ ಕೇಳಿದಂತಿದೆಯಾ? ಮುಂದೆ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದವರು ಇವರೇ. ಕಂಪೈಲರ್ ಲೋಕದವರನ್ನು ಬಿಟ್ಟರೆ ಎಲ್ಲರೂ ಅವರನ್ನು ನೆನೆಯುವುದು ಅದಕ್ಕೇ. ನನಗೆ ಕೇಳಿದರೆ 1973ರ ಆ ಬರಹದ ಬಾಳಿಕೆಯೇ ಜಾಸ್ತಿ.

ಪ್ರಶ್ನೆ: ಒಂದು ಕವಲಿನಲ್ಲಿ ಉದ್ದ = 2, ಅಗಲ = 3. ಇನ್ನೊಂದರಲ್ಲಿ ಉದ್ದ = 3, ಅಗಲ = 2. ಎರಡೂ ಸೇರಿದ ಮೇಲೆ ಉದ್ದ + ಅಗಲ ಯಾವಾಗಲೂ 5 ತಾನೇ? ಕಂಪೈಲರ್ ನೇರವಾಗಿ 5 ಎಂದು ಬರೆಯುತ್ತದೆಯೇ?

ಉತ್ತರ: ಒಳ್ಳೆಯ ತರಲೆ ಪ್ರಶ್ನೆ. ಪಠ್ಯದಲ್ಲಿ ಕಲಿಸುವ ಸಾದಾ ವಿಧಾನಕ್ಕೆ ಇದು ಗೊತ್ತಾಗುವುದಿಲ್ಲ. ದಾರಿಗಳು ಸೇರುವ ಜಾಗದಲ್ಲಿ ಅದು ಪ್ರತಿ ವೇರಿಯಬಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಉದ್ದ 2ಓ 3ಓ, ಹಾಗಾದರೆ ‘ಸ್ಥಿರವಲ್ಲ’. ಅಗಲವೂ ‘ಸ್ಥಿರವಲ್ಲ’. ಸ್ಥಿರವಲ್ಲದ್ದಕ್ಕೆ ಸ್ಥಿರವಲ್ಲದ್ದನ್ನು ಕೂಡಿಸಿದರೆ ಬರುವುದೂ ‘ಸ್ಥಿರವಲ್ಲ’. ಎರಡರ ನಡುವಿನ ನಂಟು ಸೇರುವ ಜಾಗದಲ್ಲೇ ಕಳೆದುಹೋಯಿತು. ಪ್ರತಿ ದಾರಿಯನ್ನೂ ಕೊನೆತನಕ ಪ್ರತ್ಯೇಕವಾಗಿ ನಡೆದು ಕೊನೆಗೆ ಹೋಲಿಸಿದ್ದರೆ 5 ಸಿಗುತ್ತಿತ್ತು. ಆದರೆ ಹತ್ತು ಇಫ್‌ಗಳು ಒಂದರ ಹಿಂದೆ ಒಂದು ಬಂದರೆ 1,024 ದಾರಿಗಳು, ಲೂಪ್ ಬಂದರೆ ದಾರಿಗಳಿಗೆ ಕೊನೆಯೇ ಇಲ್ಲ. ಜಾನ್ ಕ್ಯಾಮ್ ಮತ್ತು ಜೆಫ್ರಿ ಉಲ್ಮನ್ 1970ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ: ಲೈವ್ ತರಹದ ಲೆಕ್ಕಗಳಲ್ಲಿ ಬೇಗ ಸೇರಿಸಿದರೂ ತಡವಾಗಿ ಸೇರಿಸಿದರೂ ಉತ್ತರ ಒಂದೇ, ಸ್ಥಿರ ಬೆಲೆ ಹುಡುಕುವ ಲೆಕ್ಕದಲ್ಲಿ ಹಾಗಲ್ಲ. ಈಗಿನ ಕಂಪೈಲರ್‌ಗಳು ಕೂಡುವ ಕೆಲಸವನ್ನೇ ಎರಡೂ ಕವಲುಗಳ ಒಳಗೆ ನಕಲು ಮಾಡಿ ಕೆಲವೊಮ್ಮೆ 5ನ್ನು ಹಿಡಿಯುತ್ತವೆ. ಅದು ಬೇರೆ ಚಾಲಾಕಿತನ.

ಪ್ರಶ್ನೆ: ಜಿಸಿಸಿ ಎಂಬ ಸಿ ಕಂಪೈಲರ್‌ನಲ್ಲಿ ‘ಬೆಲೆ ಕೊಡದೇ ಇರಬಹುದು’ ಎಂಬ ವಾರ್ನಿಂಗ್ ಆಪ್ಟಿಮೈಸೇಶನ್ (ಕೋಡನ್ನು ಚುರುಕು ಮಾಡುವ ಆಯ್ಕೆ) ಹಾಕಿದಾಗ ಮಾತ್ರ ಬರುತ್ತದೆ. ಕೋಡ್ ಅದೇ, ತಪ್ಪು ಅದೇ. ಯಾಕೆ ಹೀಗೆ?

ಉತ್ತರ: ಆ ವಾರ್ನಿಂಗ್ ಆಪ್ಟಿಮೈಸೇಶನ್‌ಗಾಗಿ ನಡೆಸುವ ಲೆಕ್ಕದ ಮೇಲೇ ನಿಂತಿದೆ. ಆಪ್ಟಿಮೈಸೇಶನ್ ಬೇಡ ಎಂದರೆ ಆ ಲೆಕ್ಕವೂ ನಡೆಯುವುದಿಲ್ಲ. ಜಾವಾದಂತೆ ಇಲ್ಲಿ ಭಾಷೆಯ ನಿಯಮವಿಲ್ಲ, ಹಾಗಾಗಿ ಕಂಪೈಲರ್ ಆವೃತ್ತಿ ಬದಲಾದರೆ ವಾರ್ನಿಂಗ್‌ಗಳೂ ಬದಲಾಗುತ್ತವೆ. ದಿನಾ ಓಡಿಸುವ ಬಿಲ್ಡ್ ಹೇಗಾದರೂ ಇರಲಿ, ಎಲ್ಲ ವಾರ್ನಿಂಗ್ ಜೊತೆಗೆ ಆಪ್ಟಿಮೈಸೇಶನ್ ಹಾಕಿದ ಬಿಲ್ಡ್ ಒಂದನ್ನೂ ಇಟ್ಟುಕೊಳ್ಳಿ.

ಪ್ರಶ್ನೆ: ಪಾಸ್‌ವರ್ಡ್ ಬಳಸಿ ಮುಗಿದ ಮೇಲೆ ಆ ಜಾಗವನ್ನು ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ ಫಂಕ್ಷನ್ ಮುಗಿಸುತ್ತೇನೆ. ಕಂಪೈಲರ್ ಆ ಸಾಲನ್ನೇ ಕಿತ್ತುಹಾಕುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದರು. ನಿಜವೇ?

ಉತ್ತರ: ನಿಜ, ಕಿತ್ತುಹಾಕಬಹುದು. ಮೇಲಿನ ಲೈವ್ ಲೆಕ್ಕವನ್ನೇ ಮಾಡಿ ನೋಡಿ. ಸೊನ್ನೆ ಬರೆದ ಮೇಲೆ ಆ ಜಾಗವನ್ನು ಯಾರೂ ಓದುವುದಿಲ್ಲ, ಫಂಕ್ಷನ್ ಮುಗಿಯುತ್ತದೆ. ಯಾರೂ ಓದದ ಬರಹ ಡೆಡ್. ಕಂಪೈಲರ್ ತನ್ನ ಪ್ರಕಾರ ನಿಮಗೆ ಸಮಯ ಉಳಿಸಿಕೊಟ್ಟಿದೆ. ಆ ಮೆಮೊರಿಯನ್ನು ಕಳ್ಳನೊಬ್ಬ ಹೊರಗಿನಿಂದ ಇಣುಕಿ ನೋಡಬಹುದು ಎಂಬ ಬಾಣ ಅದರ ಗ್ರಾಫ್‌ನಲ್ಲಿಲ್ಲ. ಇದಕ್ಕೆಂದೇ ಕಿತ್ತುಹಾಕಬಾರದ ಫಂಕ್ಷನ್‌ಗಳಿವೆ: ಓಪನ್‌ಬಿಎಸ್‌ಡಿಯಿಂದ ಬಂದ ಎಕ್ಸ್‌ಪ್ಲಿಸಿಟ್ ಬಿಜೀರೋ, ಸಿ ಭಾಷೆಯ ಸಿ23 ಆವೃತ್ತಿಯಲ್ಲಿ ಸೇರಿದ ಮೆಮ್‌ಸೆಟ್ ಎಕ್ಸ್‌ಪ್ಲಿಸಿಟ್. ಅವನ್ನೇ ಬಳಸಿ.

ಇದೇ ಜಾತಿಯ ಒಂದು ದೊಡ್ಡ ಪೆಟ್ಟು 2009ರಲ್ಲಿ ಲಿನಕ್ಸ್ ಕರ್ನಲ್‌ಗೆ ಬಿತ್ತು. ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಒಂದು ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಂಡ ವೇರಿಯಬಲ್) ಮೂಲಕ ಮೊದಲು ಬೆಲೆ ಓದಿ, ಅದರ ನಂತರ ಆ ಪಾಯಿಂಟರ್ ನಲ್, ಅಂದರೆ ಏನನ್ನೂ ತೋರಿಸದ ಸೊನ್ನೆ ವಿಳಾಸ, ಆಗಿದೆಯೇ ಎಂದು ಪರೀಕ್ಷೆ ಮಾಡಿದ್ದರು. ನಲ್ ಪಾಯಿಂಟರ್ ಮೂಲಕ ಓದುವುದಕ್ಕೆ ಸಿ ಭಾಷೆಯಲ್ಲಿ ಅರ್ಥವೇ ಇಲ್ಲ. ಓದಿ ಆಗಿದೆ ಎಂದರೆ ಅದು ನಲ್ ಆಗಿರಲು ಸಾಧ್ಯವಿಲ್ಲ, ಹಾಗಾದರೆ ಕೆಳಗಿನ ಪರೀಕ್ಷೆ ವ್ಯರ್ಥ ಎಂದು ಜಿಸಿಸಿ ಅದನ್ನು ತೆಗೆದುಹಾಕಿತು. ಆ ದಿನಗಳ ವ್ಯವಸ್ಥೆಯಲ್ಲಿ ಸೊನ್ನೆ ವಿಳಾಸಕ್ಕೆ ಮೆಮೊರಿ ಜೋಡಿಸಿ ಕರ್ನಲ್ ಒಳಗೆ ನುಗ್ಗಲು ಅಷ್ಟು ಸಂದು ಸಾಕಾಯಿತು. ಆಮೇಲಿಂದ ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂಬ ಆಯ್ಕೆ ಹಾಕಿಯೇ ಕರ್ನಲ್ ಕಟ್ಟುತ್ತಾರೆ. ತಪ್ಪು ಸಾಲುಗಳ ಕ್ರಮದಲ್ಲಿತ್ತು, ಒಪ್ಪೋಣ. ಆದರೆ ಪ್ರೋಗ್ರಾಮರ್ ಬರೆದ ಕಾವಲನ್ನು ಒಂದು ವಾರ್ನಿಂಗ್ ಕೂಡ ಕೊಡದೆ ತೆಗೆಯುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಪ್ರಶ್ನೆ: ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಲಕರಣೆ ಕೊಡುವ ಕೋಡ್‌ನಲ್ಲಿ ‘ಫೈ’ ಅಂತ ಒಂದು ಕಾಣುತ್ತದೆ. ಏನದು?

ಉತ್ತರ: ದಾರಿಗಳು ಸೇರುವ ಜಾಗದ ಗುರುತು. ಪ್ರತಿ ಹೆಸರಿಗೂ ಒಂದೇ ಕಡೆ ಬೆಲೆ ಬರೆಯಬೇಕು ಎಂದು ನಿಯಮ ಮಾಡಿಕೊಂಡರೆ, ಈ ಬೆಲೆ ಎಲ್ಲಿಂದ ಬಂತು ಎಂದು ಹುಡುಕುವ ಲೆಕ್ಕವೇ ಬೇಡ, ಹೆಸರೇ ಹೇಳುತ್ತದೆ. ಆದರೆ ಎರಡು ಕವಲುಗಳಿಂದ ಅಳತೆ1, ಅಳತೆ2 ಅಂತ ಬಂದರೆ ಮುಂದೆ ಯಾವುದನ್ನು ಬಳಸುವುದು? ‘ಆ ಕಡೆಯಿಂದ ಬಂದರೆ ಅದು, ಈ ಕಡೆಯಿಂದ ಬಂದರೆ ಇದು’ ಎಂದು ಹೇಳಿ ಅಳತೆ3 ಹುಟ್ಟಿಸುವುದೇ ಫೈ. ಎಸ್‌ಎಸ್‌ಎ (ಸ್ಟ್ಯಾಟಿಕ್ ಸಿಂಗಲ್ ಅಸೈನ್‌ಮೆಂಟ್) ಎಂಬ ಈ ರೂಪ 1980ರ ದಶಕದಲ್ಲಿ ಐಬಿಎಂನಲ್ಲಿ ಬೆಳೆಯಿತು. ಈಗ ಜಿಸಿಸಿ, ಎಲ್‌ಎಲ್‌ವಿಎಂ ಎರಡೂ ಇದರ ಮೇಲೇ ನಿಂತಿವೆ.

ಪ್ರಶ್ನೆ: ರಸ್ಟ್ ಭಾಷೆ ಕಲಿಯುತ್ತಿದ್ದೇನೆ. ಹಳೆಯ ಪಾಠಗಳಲ್ಲಿ ಎರರ್ ಬರುತ್ತದೆ ಎಂದು ತೋರಿಸಿದ ಕೆಲವು ಬಾರೋ ಉದಾಹರಣೆಗಳು ನನ್ನಲ್ಲಿ ಸಲೀಸಾಗಿ ಓಡುತ್ತಿವೆ. ನಾನೇನಾದರೂ ತಪ್ಪು ಮಾಡುತ್ತಿದ್ದೇನಾ?

ಉತ್ತರ: ಇಲ್ಲ, ನಿಮ್ಮ ಪಾಠ ಹಳೆಯದು. ವೇರಿಯಬಲ್ ಒಂದರ ರೆಫರೆನ್ಸ್ ತೆಗೆದುಕೊಳ್ಳುವುದೇ ಬಾರೋ, ಅಂದರೆ ಎರವಲು. ಹಿಂದೆಲ್ಲ ಒಂದು ರೆಫರೆನ್ಸ್ ತೆಗೆದುಕೊಂಡರೆ ಅದು ಹೆಸರು ಇರುವ ಬ್ಲಾಕ್ ಮುಗಿಯುವವರೆಗೂ ಚಾಲ್ತಿಯಲ್ಲಿದೆ ಎಂದು ರಸ್ಟ್ ಹಿಡಿಯುತ್ತಿತ್ತು. 2018ರ ಕೊನೆಯಲ್ಲಿ ಬಂದ 1.31ನೇ ಆವೃತ್ತಿಯ ಜೊತೆ, ಆ ವರ್ಷದ ಎಡಿಶನ್‌ನಲ್ಲಿ, ಇದು ಬದಲಾಯಿತು: ರೆಫರೆನ್ಸ್ ಮುಂದೆ ಎಲ್ಲಾದರೂ ಬಳಕೆಯಾಗುವ ಸಾಧ್ಯತೆ ಇದ್ದರೆ ಮಾತ್ರ ಬಾರೋ ಜೀವಂತ. ಕೊನೆಯ ಬಳಕೆ ದಾಟಿದ ಮೇಲೆ ಮೂಲ ವೇರಿಯಬಲ್ಲನ್ನು ನೀವು ಮತ್ತೆ ತಿದ್ದಬಹುದು. ಲೆಕ್ಕ ಗೊತ್ತಾಯಿತಲ್ಲ? ಏಳು ಸಾಲಿನ ಲೂಪ್‌ಗೆ ಮಾಡಿದ್ದೇ, ಗ್ರಾಫ್ ಮೇಲೆ ಕೆಳಗಿನಿಂದ ಮೇಲಕ್ಕೆ. ಲೂಪ್ ಒಳಗಿನ ಬಾರೋ ಎರರ್ ಬಂದರೆ ಕೆಳಗಿನ ಸಾಲುಗಳನ್ನಷ್ಟೇ ನೋಡಬೇಡಿ. ಮುಂದಿನ ಸುತ್ತಿನಲ್ಲಿ ಮೇಲಿನ ಯಾವ ಸಾಲು ಆ ರೆಫರೆನ್ಸನ್ನು ಮತ್ತೆ ಓದುತ್ತದೆ ಎಂದು ನೋಡಿ. ಬಹಳ ಸಲ ತಕರಾರಿನ ಮೂಲ ಅಲ್ಲಿಯೇ ಸಿಗುತ್ತದೆ.